ಕಡತ ಬಂತು, ಅಕ್ಷರ ಬರಲಿಲ್ಲ

"ಅಣ್ಣಾ, ಎಲ್ಲಾ ಕಾಪಿ ಆಗ್ಯಾವು. ಆದ್ರ ಒಂದೂ ಓದಾಕ ಬರವಲ್ದು."

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಡಿಟಿಪಿ ಅಂಗಡಿಗಳಲ್ಲಿ ಹೊಸ ಕಂಪ್ಯೂಟರ್ ಬಂದ ದಿನ ಕೇಳಿಸುವ ಮಾತು ಇದು. ಹತ್ತಾರು ವರ್ಷಗಳ ಲಗ್ನಪತ್ರಿಕೆ, ಕರಾರುಪತ್ರ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳೆಲ್ಲ ಪೆನ್‌ಡ್ರೈವ್ ಹತ್ತಿ ಹೊಸ ಯಂತ್ರಕ್ಕೆ ಬಂದಿರುತ್ತವೆ. ಫೈಲಿನ ಹೆಸರು ಸರಿಯಿದೆ, ಗಾತ್ರವೂ ಸರಿಯಿದೆ. ತೆರೆದು ನೋಡಿದರೆ ‘ಕನ್ನಡ’ ಎಂದಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ನಡುವೆ ಬ್ರಿಟನ್ನಿನ ಪೌಂಡ್ ಹಣದ ಗುರುತು!

ಫೈಲು ಕೆಟ್ಟಿಲ್ಲ. ಅದರೊಳಗಿನ ಒಂದು ಚುಕ್ಕೆಯೂ ಕಳೆದಿಲ್ಲ. ಅದನ್ನು ಓದುವ ಬಗೆ ಮಾತ್ರ ಹಳೆಯ ಯಂತ್ರದಲ್ಲೇ ಉಳಿದುಬಿಟ್ಟಿದೆ. ಬರಹದ ಜೊತೆಗೆ ಓದುವ ಬಗೆಯನ್ನೂ ಕರೆತಂದಾಗಲೇ ಸಾಗಣೆ ಮುಗಿಯಿತು ಎನ್ನಬೇಕು. ಈ ಮಾತಿಗೆ ಸಾಕ್ಷಿ ಬೇಕಾದವರು ದೂರ ಹೋಗಬೇಕಿಲ್ಲ. ಮಸ್ಕಿಯ ಬೆಟ್ಟದಲ್ಲಿ 2,200ಕ್ಕೂ ಹೆಚ್ಚು ವರ್ಷಗಳಿಂದ ಒಂದು ಬಂಡೆ ಅದನ್ನೇ ಹೇಳುತ್ತಿದೆ.

ಅಂಕಿಯೊಳಗಿನ ಅಕ್ಷರ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ನಾವು ಟೈಪ್ ಮಾಡಿದ್ದೆಲ್ಲ ಬೈಟುಗಳಾಗಿ ಕೂಡುತ್ತದೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಅಂಕಿ ಹಿಡಿಯುತ್ತದೆ. 80 ಎಂದರೆ ಇಂಗ್ಲಿಷಿನ ಪಿ ಎಂಬುದು ಮೊದಲಿನಿಂದ ಬಂದ ಒಪ್ಪಂದ. ಆ 256 ಮನೆಗಳಲ್ಲಿ ಕನ್ನಡಕ್ಕೆ ಜಾಗ ಇಟ್ಟಿರಲಿಲ್ಲ. ಹಾಗಾಗಿ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಅಂಕಿ ಹಾಗೇ ಇರಲಿ, ಫಾಂಟಿನಲ್ಲಿ ಅದರ ಚಿತ್ರವನ್ನು ಬದಲಿಸೋಣ ಎಂದರು. 80ರ ಮನೆಯಲ್ಲಿ ಪಿ ಬದಲು ‘ಕ’ದ ಒಡಲು ಕೂತಿತು. 192ರಲ್ಲಿ ತಲೆಕಟ್ಟು, 163ರಲ್ಲಿ ‘ನ’ದ ಒಡಲು, 223ರಲ್ಲಿ ನಕಾರದ ಒತ್ತು, 113ರಲ್ಲಿ ‘ಡ’ದ ಒಡಲು.

ಈಗ ‘ಕನ್ನಡ’ ಎಂಬ ಪದ, ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಬರೆದ ಫೈಲಿನಲ್ಲಿ ಹೇಗೆ ಕೂತಿದೆ ನೋಡಿ: 80, 192, 163, 192, 223, 113, 192. ಏಳು ಅಂಕಿ, ಏಳು ಬೈಟು. ನುಡಿ ಫಾಂಟ್ ಇರುವ ಯಂತ್ರ ಇದನ್ನು ‘ಕನ್ನಡ’ ಎಂದು ಬಿಡಿಸುತ್ತದೆ. ಫಾಂಟ್ ಇಲ್ಲದ ಯಂತ್ರಕ್ಕೆ ಹಳೆಯ ಒಪ್ಪಂದವೇ ಗತಿ. ಅಲ್ಲಿ 163 ಎಂದರೆ ಪೌಂಡ್. ಅದಕ್ಕೇ ಲಗ್ನಪತ್ರಿಕೆಯ ತುಂಬ ಪೌಂಡುಗಳು.

ಈ ಉಪಾಯವನ್ನು ಇಂದು ನಿಂತು ಹಳಿಯುವುದು ಸರಿಯಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ನುಡಿಯನ್ನು ಉಚಿತವಾಗಿ ಹಂಚಿದಾಗ, ತಾಲ್ಲೂಕು ಕೇಂದ್ರಗಳ ಅಂಗಡಿಗಳಿಗೂ ಕಚೇರಿಗಳಿಗೂ ಕನ್ನಡ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತ ಬೆರಳುಗಳು ಇಂದಿಗೂ ಅದೇ ಜಾಡಿನಲ್ಲಿ ಓಡುತ್ತವೆ. ಆದರೆ ಶ್ರೀಲಿಪಿ, ಆಕೃತಿ, ಪ್ರಕಾಶಕ್‌ನಂಥ ತಂತ್ರಾಂಶಗಳು ಆ ಮನೆಗಳನ್ನು ತಮ್ಮತಮ್ಮ ರೀತಿಯಲ್ಲಿ ಹಂಚಿಕೊಂಡವು. ಒಬ್ಬರ ಅಂಕಿ ಇನ್ನೊಬ್ಬರ ಫಾಂಟಿನಲ್ಲಿ ಅರ್ಥವಾಗದಂತಾಯಿತು.

ಯೂನಿಕೋಡ್ ಈ ಗೊಂದಲ ಕೊನೆಗಾಣಿಸಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಸ್ವಂತ ಓಣಿ ಸಿಕ್ಕಿತು. ಅಲ್ಲಿ ‘ಕ’ ಎಂದರೆ 3221. ಆ ಅಂಕಿಗೆ ಜಗತ್ತಿನ ಯಾವ ಫೋನಿನಲ್ಲೂ ಯಾವ ಕಂಪ್ಯೂಟರಿನಲ್ಲೂ ಬೇರೆ ಅರ್ಥವಿಲ್ಲ. ‘ಕನ್ನಡ’ ಈಗ ಐದು ಅಂಕಿಗಳು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 15 ಬೈಟು. ಜಾಗ ಎರಡರಷ್ಟು ಹಿಡಿಯಿತು ನಿಜ. ಅದರ ಬದಲಿಗೆ ಅನುಮಾನ ಹೋಯಿತು.

ಬಂಡೆಯ ಮೇಲಿನ ಫೈಲು

ಮಸ್ಕಿಯ ಬಂಡೆಗೆ ಹೋಗುವ ಮೊದಲು ಒಂದು ಕಂಬದ ಕತೆ ಕೇಳಿ. 14ನೇ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಇಂದಿನ ಹರಿಯಾಣದ ಟೋಪ್ರಾದಿಂದ ಅಶೋಕನ ಕಂಬವೊಂದನ್ನು ದೆಹಲಿಗೆ ತರಿಸಿದ. ಕಂಬ ಬೀಳುವಾಗ ಪೆಟ್ಟಾಗದಂತೆ ಬೂರುಗದ ಹತ್ತಿಯ ರಾಶಿ ಹಾಸಿದರು. 42 ಗಾಲಿಗಳ ಬಂಡಿ ಕಟ್ಟಿ ಎಳೆದರು, ಯಮುನೆಯಲ್ಲಿ ದೋಣಿಗೇರಿಸಿ ಸಾಗಿಸಿದರು. ಕಂಬ ಮುಕ್ಕಾಗದೆ ಬಂತು. ಪಂಡಿತರನ್ನು ಕರೆಸಿ ಓದಿಸಿದರೆ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಸಾಗಣೆಯಲ್ಲಿ ಯಾವ ಲೋಪವೂ ಇರಲಿಲ್ಲ. ಬ್ರಾಹ್ಮಿ ಲಿಪಿ ಓದುವ ಬಗೆ ಅದಕ್ಕೂ ಎಷ್ಟೋ ಶತಮಾನ ಮೊದಲೇ ಮರೆತುಹೋಗಿತ್ತು. ನಾವಿಂದು ಬರೆಯುವ ಕನ್ನಡ ಅಕ್ಷರಗಳು ಹುಟ್ಟಿದ್ದು ಅದೇ ಬ್ರಾಹ್ಮಿಯಿಂದ. ಆದರೂ ಮೊಮ್ಮಕ್ಕಳಿಗೆ ಅಜ್ಜಿಯ ಗುರುತು ಸಿಗಲಿಲ್ಲ. 1837ರಲ್ಲಿ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ದಾನಂ’ ಪದದ ಜಾಡು ಹಿಡಿದು ಆ ಲಿಪಿಯನ್ನು ಬಿಡಿಸಿದ ಮೇಲೆ ಕಂಬಕ್ಕೆ ಬಾಯಿ ಬಂತು.

ಬಂದರೂ ಒಂದು ಕೊರತೆ ಉಳಿಯಿತು. ಆ ಶಾಸನಗಳಲ್ಲಿ ದೊರೆಯನ್ನು ‘ದೇವಾನಂಪಿಯ ಪಿಯದಸಿ’ ಎಂದು ಕರೆದಿತ್ತು. ಇವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. 1915ರಲ್ಲಿ, ಆಗ ನಿಜಾಮರ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಒಂದು ಬರಹ ಕಂಡರು. ಅದರ ಮೊದಲ ಸಾಲಿನಲ್ಲೇ ‘ದೇವಾನಂಪಿಯ ಅಶೋಕ’ನ ಹೆಸರಿತ್ತು. ಅದೇ ಒಕ್ಕಣೆಯ ಬೇರೆ ಪ್ರತಿಗಳು ಅದಕ್ಕೂ ಮೊದಲೇ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಂಥ ಕಡೆ ಸಿಕ್ಕಿದ್ದವು. ಆಗ ಸಿಕ್ಕಿದ್ದವುಗಳಲ್ಲಿ ಹೆಸರು ಇದ್ದದ್ದು ಮಸ್ಕಿಯ ಪ್ರತಿಯಲ್ಲಿ ಮಾತ್ರ.

ಕಂಪ್ಯೂಟರಿನ ಭಾಷೆಯಲ್ಲಿ ಇದನ್ನು ಮೆಟಾಡೇಟಾ ಎನ್ನುತ್ತಾರೆ. ಯಾರು ಬರೆದರು, ಯಾವಾಗ ಬರೆದರು ಎಂಬ ಮೇಲುವಿವರ. ವಿಂಡೋಸಿನಲ್ಲಿ ಫೈಲನ್ನು ಕಾಪಿ ಮಾಡಿದಾಗ ಕೊನೆಯ ಸಲ ತಿದ್ದಿದ ದಿನಾಂಕ ಹಾಗೇ ಉಳಿಯುತ್ತದೆ, ಆದರೆ ‘ಸೃಷ್ಟಿಯಾದ ದಿನ’ ಎಂಬಲ್ಲಿ ಕಾಪಿ ಮಾಡಿದ ದಿನ ಬಂದು ಕೂರುತ್ತದೆ. ಕರಾರುಪತ್ರ ಯಾವ ವರ್ಷದ್ದು ಎಂಬ ತಕರಾರು ಮುಂದೆ ಬಂದೀತು. ಅದಕ್ಕೆ ದಿನಾಂಕವನ್ನೂ ಪಾರ್ಟಿಯ ಹೆಸರನ್ನೂ ಫೈಲಿನ ಹೆಸರಿನಲ್ಲೇ ಬರೆದಿಡುವುದು ಒಳ್ಳೆಯದು.

ಇದೇ ಸೀಮೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ನಿಜಾಮರ ಕಾಲದ ಜಮೀನಿನ ಕಾಗದಗಳಿವೆ. ಬರಹ ಉರ್ದುವಿನದು. ಕಾಗದ ಗಟ್ಟಿಯಾಗಿದೆ, ಮೊಹರು ಅಳಿದಿಲ್ಲ. ಓದಿಸಲು ಮಾತ್ರ ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಅಜ್ಜ ಕಾಗದ ಕೊಟ್ಟು ಹೋದ, ಓದುವ ಬಗೆ ಅವನ ಜೊತೆಗೇ ಹೋಯಿತು.

ಓದುವ ಬಗೆಯನ್ನು ಕರೆತರುವುದು

ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಪರಿಷ್ಕರಣೆ ಕೊಡುವ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಸುರಕ್ಷತಾ ಚಿಪ್ ಎಷ್ಟೋ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಹೀಗಾಗಿ ಕಂಪ್ಯೂಟರ್ ಬದಲಿಸುವ ಕೆಲಸ ಈಗ ಬಹಳ ಜನರ ಮುಂದಿದೆ. ಕನ್ನಡದ ಫೈಲು ಇರುವವರು ಮೂರು ಕೆಲಸ ಮಾಡಬೇಕು.

ಮೊದಲನೆಯದು, ಹಳೆಯ ಯಂತ್ರದ ಫಾಂಟ್‌ಗಳನ್ನು ಜೊತೆಗೆ ತರುವುದು. ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿರುವ ನುಡಿ, ಬರಹ ಫಾಂಟ್‌ಗಳನ್ನು ಹೊಸ ಯಂತ್ರಕ್ಕೆ ಹಾಕಿದ ಕೂಡಲೇ ಹಳೆಯ ವರ್ಡ್ ಕಡತಗಳು ಮತ್ತೆ ಕನ್ನಡವಾಗುತ್ತವೆ.

ಎರಡನೆಯದು, ಮುಂದೆಯೂ ಬೇಕಾಗುವ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವುದು. ಉಚಿತ ಪರಿವರ್ತಕಗಳು ಸಿಗುತ್ತವೆ. ಆದರೆ ಅವುಗಳ ಕೆಲಸ ತೋರಿದಷ್ಟು ಸುಲಭದ್ದಲ್ಲ. ‘ಧರ್ಮ’ ಪದ ನೋಡಿ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಂಕಿಗಳಿರುತ್ತವೆ; ಧ, ಮ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ. ಧ, ರ್, ಮ. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು. ನಡುನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಹಾಗಾಗಿ ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು, ಹೆಸರು ಮತ್ತು ಸರ್ವೆ ನಂಬರುಗಳನ್ನಂತೂ ತಪ್ಪದೆ. ಶ್ರಮಕ್ಕೆ ಫಲವೂ ಇದೆ. ಯೂನಿಕೋಡಾದ ಬರಹದಲ್ಲಿ ‘ಮಸ್ಕಿ’ ಎಂದು ಹುಡುಕಿದರೆ ಆ ಪದವಿರುವ ಕಡತಗಳೆಲ್ಲ ಸಿಗುತ್ತವೆ, ಅದೇ ಬರಹ ಫೋನಿನಲ್ಲೂ ಓದಲು ಬರುತ್ತದೆ.

ಮೂರನೆಯದು, ಇನ್ನು ತಿದ್ದಬೇಕಿಲ್ಲದ ದಾಖಲೆಗಳನ್ನು ಹಳೆಯ ಯಂತ್ರದಲ್ಲೇ ಪಿಡಿಎಫ್ ಮಾಡಿಕೊಳ್ಳುವುದು. ಫಾಂಟನ್ನು ಒಳಗೆ ಸೇರಿಸಿ ಮಾಡಿದ ಪಿಡಿಎಫ್ ತನ್ನ ಅಕ್ಷರಗಳನ್ನು ತಾನೇ ಹೊತ್ತು ತರುತ್ತದೆ.

ಬೇರು ಸಮೇತ ನಾಟಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಸಿಂಧನೂರಿನವರಿಗೆ ನಾಟಿಯ ಬಗ್ಗೆ ಹೇಳಬೇಕಿಲ್ಲ. ಸಸಿಮಡಿಯಿಂದ ಕೀಳುವಾಗ ಬೇರು ಹರಿದರೆ ಸಸಿ ನಿಲ್ಲುವುದಿಲ್ಲ. ತಂತ್ರಾಂಶಗಳೂ ಹಾಗೆಯೇ. ಇನ್‌ಸ್ಟಾಲ್ ಮಾಡಿದಾಗ ಒಂದು ಭಾಗ ಪ್ರೋಗ್ರಾಂ ಫೋಲ್ಡರಿಗೆ, ಇನ್ನೊಂದು ರಿಜಿಸ್ಟ್ರಿ ಎಂಬ ವಿಂಡೋಸಿನ ದಫ್ತರಕ್ಕೆ, ನಮ್ಮ ಸೆಟ್ಟಿಂಗ್‌ಗಳು ‘ಆ್ಯಪ್‌ಡೇಟಾ’ ಎಂಬ ಮರೆಯ ಫೋಲ್ಡರಿಗೆ ಹೋಗುತ್ತವೆ. ಪ್ರೋಗ್ರಾಂ ಫೋಲ್ಡರನ್ನಷ್ಟೇ ಕಾಪಿ ಮಾಡಿದರೆ ಸಾಮಾನ್ಯವಾಗಿ ಅದು ಓಡುವುದಿಲ್ಲ. ತಂತ್ರಾಂಶವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ, ನಮ್ಮ ಡೇಟಾ ಮತ್ತು ಸೆಟ್ಟಿಂಗ್ ಮಾತ್ರ ತರುವುದು ಸರಿಯಾದ ದಾರಿ.

ರೈಸ್‌ಮಿಲ್ಲು, ದಲಾಲಿ ಅಂಗಡಿಗಳ ಲೆಕ್ಕ ಇರುವ ಟ್ಯಾಲಿಯಲ್ಲಿ ಇದು ಎದ್ದು ಕಾಣುತ್ತದೆ. ಬೆಂಗಳೂರಿನ ಈ ತಂತ್ರಾಂಶ ಪ್ರತಿ ಕಂಪನಿಯ ಲೆಕ್ಕವನ್ನು ಬರೀ ಅಂಕಿಗಳ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಅಂಗಡಿಯ ಹೆಸರು ಹುಡುಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಟ್ಯಾಲಿಯೊಳಗಿನಿಂದಲೇ ಬ್ಯಾಕಪ್ ತೆಗೆದು, ಹಳೆಯ ಯಂತ್ರದಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಚಾಲೂ ಮಾಡಬೇಕು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಫೈಲಿನ ಜೊತೆ ತಾವಾಗಿ ಬರುವುದಿಲ್ಲ. ಅವನ್ನು ಬೇರೆಯಾಗಿಯೇ ತರಬೇಕು.

ಎಷ್ಟು ಹೊತ್ತು, ಯಾವ ದಾರಿ

200 ಜಿಬಿ ಸಾಗಿಸಬೇಕೆನ್ನಿ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಹೋದರೆ ಒಂದೂವರೆ ತಾಸು ಮೀರುತ್ತದೆ. ಯುಎಸ್‌ಬಿ 3.0 ಕಿಂಡಿಯಲ್ಲಿ ಸೆಕೆಂಡಿಗೆ 100 ಎಂಬಿ ಹೋಗುವ ಡಿಸ್ಕಾದರೆ ಅರ್ಧ ತಾಸು ದಾಟಿದ ಸ್ವಲ್ಪ ಹೊತ್ತಿಗೆ ಕೆಲಸ ಮುಗಿಯುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಮೇಲೇರಿಸುವ ಇಂಟರ್ನೆಟ್ ಮೂಲಕವಾದರೆ ಬಿಡುವಿಲ್ಲದೆ ಸುಮಾರು ಮೂರೂಮುಕ್ಕಾಲು ದಿನ ಬೇಕು. ಸಾವಿರಾರು ಚಿಕ್ಕ ಫೈಲುಗಳು ಅಷ್ಟೇ ಗಾತ್ರದ ಒಂದು ದೊಡ್ಡ ಫೈಲಿಗಿಂತ ನಿಧಾನ. ಪ್ರತಿಯೊಂದಕ್ಕೂ ಡಿಸ್ಕಿನ ಪಟ್ಟಿಯಲ್ಲಿ ಬೇರೆ ಬೇರೆ ನಮೂದು ಬರೆಯಬೇಕಲ್ಲ.

ಪೆನ್‌ಡ್ರೈವಿನಲ್ಲಿ ಜಾಗವಿದ್ದರೂ ಮದುವೆಯ ವಿಡಿಯೊ ಹಿಡಿಯುವುದಿಲ್ಲ ಎನ್ನುವುದು ಇನ್ನೊಂದು ಗೋಳು. ಕಾರಣ ಅದರ ಫ್ಯಾಟ್32 ಎಂಬ ಹಳೆಯ ಕ್ರಮ. ಫೈಲಿನ ಗಾತ್ರ ಬರೆಯಲು ಅದರಲ್ಲಿ 32 ಬಿಟ್ ಮಾತ್ರ ಜಾಗವಿದೆ. 4 ಜಿಬಿ ಮೀರಿದ ಗಾತ್ರ ಅಲ್ಲಿ ಹಿಡಿಸುವುದಿಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿದರೆ ಸಮಸ್ಯೆ ತೀರುತ್ತದೆ. ಫಾರ್ಮ್ಯಾಟ್ ಮಾಡುವ ಮೊದಲು ಅದರಲ್ಲಿದ್ದುದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಸಾಗಣೆಗೆ ಕೈ ಹಾಕಬೇಡಿ.

ಬಂದದ್ದು ಸರಿಯಾಗಿದೆಯೇ ಎಂದು ನೋಡಲು ಹ್ಯಾಶ್ ಎಂಬ ಲೆಕ್ಕವಿದೆ. ಎಸ್‌ಎಚ್‌ಎ-256 ಎಂಬ ಕ್ರಮ ಎಷ್ಟೇ ದೊಡ್ಡ ಫೈಲನ್ನೂ 64 ಅಕ್ಷರ-ಅಂಕಿಗಳ ಒಂದು ಹೆಬ್ಬೆಟ್ಟು ಗುರುತಾಗಿ ಇಳಿಸುತ್ತದೆ. ಒಳಗೆ ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ವಿಂಡೋಸಿನ ‘ಸರ್ಟ್‌ಯುಟಿಲ್’ ಆಜ್ಞೆಯಿಂದ ಎರಡೂ ಯಂತ್ರಗಳಲ್ಲಿ ಗುರುತು ತೆಗೆದು ಹೋಲಿಸಬಹುದು. ಹ್ಯಾಶ್ ಹೊಂದಿದರೆ ಅಂಕಿಗಳು ಸರಿಯಾಗಿ ಬಂದಿವೆ ಎಂದರ್ಥ. ಅಕ್ಷರ ಬಂದಿದೆಯೇ ಎಂಬುದನ್ನು ಕಣ್ಣೇ ನೋಡಿ ಹೇಳಬೇಕು.

ಒಂದೇ ಪ್ರತಿಯನ್ನು ನಂಬಬೇಡಿ

ಅಶೋಕ ತನ್ನ ಮಾತನ್ನು ಒಂದೇ ಬಂಡೆಗೆ ಬಿಟ್ಟಿರಲಿಲ್ಲ. ಅದೇ ಒಕ್ಕಣೆ ಕೊಪ್ಪಳದ ಗವಿಮಠದಲ್ಲಿದೆ, ಪಾಲ್ಕಿಗುಂಡುವಿನಲ್ಲಿದೆ, ಬ್ರಹ್ಮಗಿರಿಯಲ್ಲಿದೆ; ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲೂ ಇದೆ. ಮಸ್ಕಿಯಲ್ಲಿ ಸವೆದ ಅಕ್ಷರವನ್ನು ವಿದ್ವಾಂಸರು ಬೇರೆ ಊರಿನ ಪ್ರತಿ ನೋಡಿ ತುಂಬಿಕೊಂಡರು. ಇಂದಿನ ತಂತ್ರಜ್ಞರು ಹೇಳುವುದೂ ಅದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ತಮ್ಮನ ಮನೆಯಲ್ಲೋ ಕ್ಲೌಡಿನಲ್ಲೋ ಇನ್ನೊಂದು.

ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಇನ್ನೊಂದು ಎಚ್ಚರ ಬೇಕು. ಡಿಲೀಟ್ ಮಾಡಿದಾಗ ಹಾರ್ಡ್‌ಡಿಸ್ಕಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಮೇಲೆ ಬೇರೆ ಬರಹ ಕೂರುವ ತನಕ ಒಳಗಿನ ಅಂಕಿಗಳು ಉಳಿದೇ ಇರುತ್ತವೆ. ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಊರಿನವರ ಆಧಾರ್ ಪ್ರತಿಗಳು, ಫೋಟೊಗಳು, ಬ್ಯಾಂಕ್ ಪಾಸ್‌ಬುಕ್ಕುಗಳಿವೆ. ನಂಬಿ ಕೊಟ್ಟವರ ಋಣ ಅದು. ವಿಂಡೋಸ್ ರೀಸೆಟ್ ಮಾಡುವಾಗ ಡ್ರೈವ್ ಪೂರ್ತಿ ಶುಚಿ ಮಾಡುವ ಆಯ್ಕೆಯನ್ನೇ ಆರಿಸಬೇಕು.

ಆದರೆ ಅದಕ್ಕೆ ಅವಸರ ಮಾಡಬೇಡಿ. ಹಳೆಯ ಕಂಪ್ಯೂಟರನ್ನು ಒಂದೆರಡು ತಿಂಗಳು ಮೂಲೆಯಲ್ಲಿಡಿ. ಅದು ನಿಮ್ಮ ಬರಹವನ್ನು ಓದಬಲ್ಲ ಹಿರಿಯ. ಈ ನಡುವೆ ಹೊಸ ಯಂತ್ರದಲ್ಲಿ ಒಂದೊಂದು ವರ್ಷದ ಒಂದೊಂದು ಫೈಲು ತೆರೆದು, ಮೊದಲ ಸಾಲನ್ನು ಗಟ್ಟಿಯಾಗಿ ಓದಿ. ಅಲ್ಲಿ ಊರಿನ ಹೆಸರು, ಮನುಷ್ಯರ ಹೆಸರು ಅಚ್ಚುಕಟ್ಟಾಗಿ ಬಂದರೆ ಹಳೆಯ ಯಂತ್ರಕ್ಕೆ ಬಿಡುವು ಕೊಡಬಹುದು. ಮಸ್ಕಿಯ ಬಂಡೆಯ ಮೇಲಿನ ಒಂದು ಹೆಸರನ್ನು ಮತ್ತೆ ಓದಲು 1915ರವರೆಗೆ ಕಾಯಬೇಕಾಯಿತು. ನಿಮ್ಮ ಫೈಲಿನ ಹೆಸರುಗಳನ್ನು ಓದಬಲ್ಲ ಯಂತ್ರ ಇವತ್ತು ಮೇಜಿನ ಮೇಲೇ ಇದೆ.