ಕೂಸಿನೊಡನೆ ವಿಮಾನಯಾನ: ಔಷಧಿಗಿಂತ ಅಭ್ಯಾಸ ಮೇಲು

ಕಳೆದ ಕಾರ್ತಿಕ ಮಾಸದಲ್ಲಿ ಶ್ರೀಮಠದ ಉಚಿತ ಆರೋಗ್ಯ ತಪಾಸಣೆಗೆ ಒಬ್ಬ ಅಜ್ಜಿ, ಅವರ ಮಗಳು ಹಾಗೂ 1 ವರ್ಷ 8 ತಿಂಗಳಿನ ಮೊಮ್ಮಗ ಬಂದಿದ್ದರು. ಕೂಸಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅಳಿಯಂದಿರು ಲಂಡನ್ನಿನಲ್ಲಿ ನೌಕರಿಯಲ್ಲಿದ್ದು, ಮಗಳು ಮೂರು ವಾರಗಳಲ್ಲಿ ಕೂಸನ್ನು ಕರೆದುಕೊಂಡು ಒಬ್ಬಳೇ ಅಲ್ಲಿಗೆ ಹೊರಡುವವಳಿದ್ದಳು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಗಂಟೆ, ಅಲ್ಲಿಂದ ಲಂಡನ್ನಿಗೆ ಹತ್ತು ಹನ್ನೊಂದು ಗಂಟೆಗಳ ಹಾರಾಟ. ಅಜ್ಜಿ ನೇರವಾಗಿ ವಿಷಯಕ್ಕೆ ಬಂದರು: “ಡಾಕ್ಟರ್ ಸಾಹೇಬ್ರ, ವಿಮಾನದಾಗ ಕೂಸು ಗಪ್ಪನೆ ಮಲಗೂಹಂಗ ಏನರ ಔಷಧ ಬರಕೊಡ್ರಿ. ರಾತ್ರಿ ಪೂರಾ ಅತ್ತರ ಮಂದಿ ಏನಂದಾರು?”

ಈ ಪ್ರಶ್ನೆ ಅವರೊಬ್ಬರದಲ್ಲ. ಮಕ್ಕಳು ಮೊಮ್ಮಕ್ಕಳು ದೂರ ದೇಶಗಳಲ್ಲಿ ನೆಲೆಸಿರುವ ನಮ್ಮ ಅನೇಕ ಭಕ್ತರ ಮನೆಗಳಲ್ಲಿ ಇದೇ ಮಾತು ಕೇಳಿಬರುತ್ತದೆ. ನಾವು ಆ ದಿನ ಔಷಧಿ ಬರೆಯಲಿಲ್ಲ. ಏಕೆ ಬರೆಯಲಿಲ್ಲ, ಅದರ ಬದಲು ಏನನ್ನು ಹೇಳಿದೆವು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿದ್ದೆಯ ಔಷಧಿ ಏಕೆ ಬೇಡ?

ವಿಮಾನವು ಮೂವತ್ತು ಸಾವಿರ ಅಡಿಗಳಿಗೂ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳು ಕಾಯ್ದುಕೊಳ್ಳುತ್ತವೆ. ಆದರೆ ಅದು ನೆಲದ ಮೇಲಿನ ಒತ್ತಡಕ್ಕೆ ಸಮನಾಗಿರುವುದಿಲ್ಲ. ಸಮುದ್ರಮಟ್ಟದಿಂದ 6,000ದಿಂದ 8,000 ಅಡಿ ಎತ್ತರದ ಸ್ಥಳದಲ್ಲಿರುವಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಅಥವಾ ಊಟಿಯಲ್ಲಿ ಕುಳಿತು ಉಸಿರಾಡಿದಂತೆ ಎಂದು ತಿಳಿಯಬಹುದು. ಅಲ್ಲಿ ರಕ್ತದಲ್ಲಿನ ಆಮ್ಲಜನಕ ಸ್ವಲ್ಪ ಕಡಿಮೆಯಾಗುತ್ತದೆ. ಆರೋಗ್ಯವಂತ ಕೂಸಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮಂಪರು ತರುವ ಔಷಧಿ ಕುಡಿಸಿದ ಕೂಸಿನ ಉಸಿರಾಟ ಮಂದವಾದರೆ, ಅದನ್ನು ಗುರುತಿಸಿ ಉಪಚರಿಸಲು ಆಕಾಶದಲ್ಲಿ ಆಸ್ಪತ್ರೆಯಿಲ್ಲ. ಗಾಢವಾಗಿ ಮಲಗಿದೆಯೆಂದು ತಾಯಿ ಸಮಾಧಾನಪಟ್ಟ ಹೊತ್ತೇ ಅಪಾಯದ ಹೊತ್ತಾಗಬಹುದು.

ಇನ್ನೊಂದು ಸಂಗತಿ. ಮನೆಯಲ್ಲಿರುವ ಶೀತ ಕೆಮ್ಮಿನ ಸಿರಪ್ಪನ್ನೇ ನಿದ್ದೆಗೆಂದು ಕುಡಿಸುವ ರೂಢಿ ಅನೇಕರಲ್ಲಿದೆ. ಈ ಬಗೆಯ ಔಷಧಿಗಳು ಕೆಲವು ಮಕ್ಕಳಲ್ಲಿ ತದ್ವಿರುದ್ಧ ಪರಿಣಾಮ ಬೀರುತ್ತವೆ. ಮಲಗಬೇಕಾದ ಕೂಸು ಕೆರಳಿ, ಚಡಪಡಿಸಿ, ಇಡೀ ರಾತ್ರಿ ಎಚ್ಚರವಿರುತ್ತದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಶೀತದ ಔಷಧಿಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಅವುಗಳ ಮೇಲೆ ಮುದ್ರಿಸುವಂತೆ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಆದುದರಿಂದ ಹಿರಿಯರು ಹೇಳಿದರೆಂದೋ, ನೆರೆಮನೆಯವರು ಕೊಟ್ಟಿದ್ದರೆಂದೋ ಇಂಥ ಪ್ರಯೋಗಕ್ಕೆ ಕೈಹಾಕಬಾರದು.

ಅಳುವಿನ ಮೂಲ ಕಿವಿಯಲ್ಲಿದೆ

ವಿಮಾನದಲ್ಲಿ ಕೂಸು ಅಳುವುದು ಹಟದಿಂದಲ್ಲ. ಬಹಳಷ್ಟು ವೇಳೆ ಕಿವಿಯ ನೋವಿನಿಂದ. ನಮ್ಮ ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆಯಿದೆ. ಅದರಿಂದ ಗಂಟಲಿನ ಹಿಂಭಾಗಕ್ಕೆ ಕಿರಿದಾದ ನಾಳವೊಂದು ಇಳಿದು ಬರುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಈ ನಾಳದ ಮೂಲಕ ಸುಲಭವಾಗಿ ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಹೆಚ್ಚುತ್ತ ಹೋಗಿ, ಗಾಳಿ ಒಳಗೆ ಸೇರದಿದ್ದರೆ ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ, ನೋವು ಬರುತ್ತದೆ. ಮಕ್ಕಳಲ್ಲಿ ಈ ನಾಳ ದೊಡ್ಡವರಿಗಿಂತ ಕಿರಿದು, ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ದೊಡ್ಡವರು ಆಕಳಿಸಿ, ಉಗುಳು ನುಂಗಿ ಕಿವಿಯನ್ನು ಬಿಡಿಸಿಕೊಳ್ಳುತ್ತಾರೆ. ಕೂಸಿಗೆ ಆ ಉಪಾಯ ತಿಳಿಯದು.

ಪರಿಹಾರ ಸರಳ. ನುಂಗುವಾಗ ಈ ನಾಳ ತೆರೆದುಕೊಳ್ಳುತ್ತದೆ. ಆದ್ದರಿಂದ ಇಳಿಯುವ ಹೊತ್ತಿನಲ್ಲಿ ಕೂಸು ಏನನ್ನಾದರೂ ನುಂಗುತ್ತಿರಬೇಕು. ಎದೆಹಾಲು ಕುಡಿಯುವ ಕೂಸಾದರೆ ಎದೆಹಾಲೇ ಶ್ರೇಷ್ಠ. ಬಿಟ್ಟಿದ್ದರೆ ನಳಿಕೆಯಿರುವ ಲೋಟದಿಂದ ಗುಟುಕು ಗುಟುಕಾಗಿ ನೀರು. ವಿಮಾನವು ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಕೆಳಗಿಳಿಯಲು ತೊಡಗುತ್ತದೆ. ಸಿಬ್ಬಂದಿ ಅದನ್ನು ಪ್ರಕಟಿಸುತ್ತಾರೆ. ಬಹಳ ತಾಯಂದಿರು ವಿಮಾನ ಏರಿದ ಕೂಡಲೆ ಹಾಲನ್ನೆಲ್ಲ ಕುಡಿಸಿ ಮುಗಿಸುತ್ತಾರೆ. ಇಳಿಯುವಾಗ ಕೂಸಿಗೆ ಹಸಿವೂ ಇಲ್ಲ, ಲೋಟದಲ್ಲಿ ಏನೂ ಇಲ್ಲ. ಆ ಕೊನೆಯ ಅರ್ಧ ಗಂಟೆಗೆಂದು ಸ್ವಲ್ಪವನ್ನು ಉಳಿಸಿಕೊಂಡಿರಬೇಕು. ನಿದ್ದೆಯಲ್ಲಿ ನುಂಗುವಿಕೆ ಕಡಿಮೆಯಾದ್ದರಿಂದ, ಮಲಗಿರುವ ಕೂಸನ್ನು ಆ ಹೊತ್ತಿಗೆ ಮೆಲ್ಲನೆ ಎಬ್ಬಿಸುವುದು ಒಳ್ಳೆಯದು. ಔಷಧಿ ಕುಡಿಸಿ ಮಲಗಿಸಿದ ಕೂಸನ್ನು ಹೀಗೆ ಎಬ್ಬಿಸುವುದು ಕಷ್ಟವೆಂಬುದನ್ನೂ ಗಮನಿಸಬೇಕು.

ಶೀತದಿಂದ ಮೂಗು ಕಟ್ಟಿದ್ದರೆ ಈ ನಾಳವೂ ಕಟ್ಟಿರುತ್ತದೆ. ಹೊರಡುವ ವಾರದಲ್ಲಿ ಕೂಸಿಗೆ ಶೀತ, ಕಿವಿ ಸೋರುವಿಕೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿಯೇ ಹೊರಡಬೇಕು. ಮೂಗಿಗೆ ಹಾಕುವ ಉಪ್ಪುನೀರಿನ ಹನಿಯನ್ನು ಜೊತೆಗಿಟ್ಟುಕೊಳ್ಳಬಹುದು.

ಹದಿನೈದು ದಿನಗಳ ಅಭ್ಯಾಸ

ಪಯಣದ ಸಿದ್ಧತೆಯೆಂದರೆ ಪೆಟ್ಟಿಗೆ ಕಟ್ಟುವುದೆಂದು ನಾವು ಭಾವಿಸಿದ್ದೇವೆ. ಕೂಸಿನ ವಿಷಯದಲ್ಲಿ ಕೂಸನ್ನೇ ಸಿದ್ಧಗೊಳಿಸಬೇಕು. ಅದಕ್ಕೆ ಮೂರು ಅಭ್ಯಾಸಗಳು ಸಾಕೆಂದು ನಾವು ಆ ತಾಯಿಗೆ ಹೇಳಿದೆವು.

ಮೊದಲನೆಯದು, ನಳಿಕೆಯ ಲೋಟದಿಂದ ಕುಡಿಯುವುದು. ಹೊಸ ಲೋಟವನ್ನು ವಿಮಾನದಲ್ಲಿಯೇ ಮೊದಲ ಬಾರಿಗೆ ತೋರಿಸಿದರೆ ಕೂಸು ಅದನ್ನು ಎಸೆಯುತ್ತದೆ. ಹದಿನೈದು ದಿನ ಮೊದಲೇ ಮನೆಯಲ್ಲಿ ರೂಢಿಸಬೇಕು.

ಎರಡನೆಯದು, ಮಡಿಲಲ್ಲಿ ಕಟ್ಟಿಕೊಂಡು ಕುಳಿತುಕೊಳ್ಳುವುದು. 2 ವರ್ಷ ತುಂಬದ ಕೂಸು ತಾಯಿಯ ಮಡಿಲಲ್ಲಿ ಪ್ರಯಾಣಿಸುತ್ತದೆ. ತಾಯಿಯ ಪಟ್ಟಿಗೆ ಸೇರಿಸುವ ಸಣ್ಣ ಪಟ್ಟಿಯೊಂದನ್ನು ಸಿಬ್ಬಂದಿ ಕೊಡುತ್ತಾರೆ. ಅದನ್ನು ಕೂಸಿನ ಸೊಂಟಕ್ಕೆ ಬಿಗಿಯಬೇಕೇ ಹೊರತು, ತನ್ನ ಪಟ್ಟಿಯೊಳಗೆ ಕೂಸನ್ನೂ ಸೇರಿಸಿ ಬಿಗಿಯಬಾರದು. ಮನೆಯಲ್ಲಿ ಸಾಲಾಗಿ ಕುರ್ಚಿಗಳನ್ನಿಟ್ಟು, ಮೆತ್ತನೆಯ ವಸ್ತ್ರದಿಂದ ಸೊಂಟಕ್ಕೆ ಕಟ್ಟಿ, ಅಜ್ಜ ಅಜ್ಜಿ ಪ್ರಯಾಣಿಕರಾಗಿ ದಿನಕ್ಕೆ ಹತ್ತು ನಿಮಿಷ ವಿಮಾನದ ಆಟ ಆಡಿದರೆ ಕೂಸು ಅದನ್ನು ಆಟವೆಂದೇ ಬಗೆಯುತ್ತದೆ.

ಮೂರನೆಯದು ನಿದ್ದೆ. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ನಮ್ಮ ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲುದು. ಹೊರಡುವ ನಾಲ್ಕು ದಿನ ಮೊದಲಿನಿಂದ ಕೂಸನ್ನು ಪ್ರತಿದಿನ ಅರ್ಧ ಗಂಟೆ ತಡವಾಗಿ ಮಲಗಿಸಿ, ತಡವಾಗಿ ಎಬ್ಬಿಸುತ್ತ ಬಂದರೆ ಎರಡು ಗಂಟೆಯ ದಾರಿ ಮನೆಯಲ್ಲಿಯೇ ಸವೆದಂತಾಗುತ್ತದೆ. ಅಲ್ಲಿ ತಲುಪಿದ ಮೇಲೆ ಹಗಲಿನಲ್ಲಿ ಕೂಸನ್ನು ಬೆಳಕಿಗೆ ಕರೆದೊಯ್ಯಬೇಕು. ಮೊದಲ ಕೆಲವು ದಿನ ಬೆಳಗಿನ ಜಾವ ಎದ್ದು ಕುಳಿತರೆ ಗಾಬರಿ ಬೇಡ. ಒಂದು ವಾರದಲ್ಲಿ ಸರಿಹೋಗುತ್ತದೆ.

ಆಹಾರ ಮತ್ತು ನೀರು

ವಿಮಾನದೊಳಗಿನ ಗಾಳಿ ಬಹಳ ಒಣಗಿರುತ್ತದೆ. ಕೂಸಿನ ತುಟಿ, ಮೂಗು, ಕಣ್ಣು ಒಣಗುತ್ತವೆ. ಕೇಳುವವರೆಗೆ ಕಾಯದೆ ಆಗಾಗ ಎದೆಹಾಲು ಅಥವಾ ನೀರು ಕೊಡುತ್ತಿರಬೇಕು. ದೃಷ್ಟಿಯಾದೀತೆಂದು ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಬಿಡುವುದು ಲೇಸು. ಒಣಗಾಳಿಯಲ್ಲಿ ಕೂಸು ಕಣ್ಣುಜ್ಜುತ್ತದೆ, ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವೂ ಇರುತ್ತದೆ. ಮಲಗುವಾಗ ಕೊರಳಿನ ಸರ, ತಾಯತಗಳನ್ನು ತೆಗೆದು ತಾಯಿ ತನ್ನ ಬಳಿ ಇಟ್ಟುಕೊಳ್ಳಲಿ. ದಾರ ಬಿಗಿದುಕೊಂಡು ಉಸಿರು ಕಟ್ಟುವ ಅಪಾಯವಿದೆ.

ಕೂಸು ದಿನವೂ ಉಣ್ಣುವುದನ್ನೇ ಒಯ್ಯಬೇಕು. ಹೊಸ ತಿನಿಸಿನ ಪರೀಕ್ಷೆಗೆ ವಿಮಾನ ತಕ್ಕ ಸ್ಥಳವಲ್ಲ. ಬಿಸಿನೀರಿನಲ್ಲಿ ಕಲಸಬಹುದಾದ ರಾಗಿ ಹುರಿಹಿಟ್ಟು, ಮೆತ್ತನೆಯ ಚಪಾತಿ, ಬಾಳೆಹಣ್ಣು ಉತ್ತಮ. ಸಿಬ್ಬಂದಿ ಕೊಡುವ ಬಿಸಿನೀರನ್ನು ತಾಯಿ ಮೊದಲು ತನ್ನ ಕೈಮೇಲೆ ಹನಿಸಿ ನೋಡಿಕೊಳ್ಳಲಿ. ಅಲುಗುವ ವಿಮಾನದಲ್ಲಿ ಬಿಸಿ ಲೋಟವನ್ನು ಕೂಸಿನ ಮೇಲಿಂದ ದಾಟಿಸಬಾರದು. ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ ಇವು ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ಪಕ್ಕದವರು ಪ್ರೀತಿಯಿಂದ ಕೊಟ್ಟರೂ ಬೇಡವೆನ್ನಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ಹೆಚ್ಚಿನ ಬಾಟಲಿಯ ದ್ರವ ಒಯ್ಯುವಂತಿಲ್ಲವಾದರೂ, ಪ್ರಯಾಣಕ್ಕೆ ಬೇಕಾಗುವಷ್ಟು ಕೂಸಿನ ಹಾಲು, ಆಹಾರಕ್ಕೆ ವಿನಾಯಿತಿಯಿದೆ. ತಪಾಸಣೆಯ ಸಿಬ್ಬಂದಿಗೆ ಮೊದಲೇ ತಿಳಿಸಿ, ಅದನ್ನು ಬೇರೆಯಾಗಿ ತೋರಿಸಬೇಕು.

ಕೈಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಭೇದಿಯಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಅಂದಾಜಿನಿಂದ ಅರ್ಧರ್ಧ ಕಲಸಬಾರದು. ಜ್ವರದ ಪ್ಯಾರಾಸಿಟಮಾಲ್ ಪ್ರಮಾಣವನ್ನು ಕೂಸಿನ ಈಗಿನ ತೂಕಕ್ಕೆ ತಕ್ಕಂತೆ ವೈದ್ಯರಿಂದ ಬರೆಸಿಕೊಂಡಿರಬೇಕು. ಒಂದು ಜೊತೆ ಬಟ್ಟೆ ಕೂಸಿಗೆ, ಒಂದು ಜೊತೆ ತಾಯಿಗೂ ಕೈಚೀಲದಲ್ಲಿರಲಿ. ಕೂಸು ವಾಂತಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ತಾಯಿಯ ಮೈಮೇಲೆಯೇ.

ಹೊರಡುವ ಮುನ್ನ

ಮೂರು ನಾಲ್ಕು ವಾರ ಮೊದಲೇ ವೈದ್ಯರನ್ನು ಕಂಡು ಲಸಿಕೆಯ ಕಾರ್ಡ್ ತೋರಿಸಬೇಕು. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಂತೆ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್ 16ರಿಂದ 24 ತಿಂಗಳೊಳಗೆ ಆಗಬೇಕು. ನಮ್ಮಲ್ಲಿಗೆ ಬಂದ ಕೂಸಿಗೆ ಅದು ಆಗಿರಲಿಲ್ಲ. ನಿದ್ದೆಯ ಔಷಧಿ ಕೇಳಲು ಬಂದವರಿಗೆ ಲಸಿಕೆಯ ಬಾಕಿ ನೆನಪಾದದ್ದೇ ಲಾಭವಾಯಿತು. ಹೃದಯ ಅಥವಾ ಶ್ವಾಸಕೋಶದ ತೊಂದರೆ, ತೀವ್ರ ರಕ್ತಹೀನತೆ ಇರುವ ಮಕ್ಕಳು ಹಾರಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವಿಮಾನದಲ್ಲಿ ತೊಟ್ಟಿಲು ಸಿಗುತ್ತದೆಂದು ಕೆಲವರು ನಂಬಿರುತ್ತಾರೆ. ಅದಕ್ಕೆ ತೂಕದ ಮಿತಿಯಿದೆ. ಎರಡರ ಹತ್ತಿರದ ಕೂಸು ಅದನ್ನು ಮೀರಿರುವುದೇ ಹೆಚ್ಚು. ಟಿಕೆಟ್ ಕೊಳ್ಳುವಾಗಲೇ ವಿಚಾರಿಸಬೇಕು. ಮರಳುವ ಹೊತ್ತಿಗೆ 2 ವರ್ಷ ತುಂಬುವ ಕೂಸಿಗೆ ಬೇರೆ ಆಸನವೇ ಬೇಕಾಗುತ್ತದೆ ಎಂಬುದೂ ನೆನಪಿರಲಿ.

ಮಂದಿ ಏನಂದಾರು?

ಕೊನೆಗೆ ಅಜ್ಜಿಯ ಆ ಪ್ರಶ್ನೆ ಉಳಿಯಿತು. ನಾವು ಹೇಳಿದೆವು: “ನೋಡವ್ವಾ, ಮಾತು ಬಾರದ ಕೂಸಿಗೆ ಅಳುವೇ ಮಾತು. ಅದರ ಬಾಯಿ ಮುಚ್ಚಸಾಕ ಔಷಧ ಹಾಕೂದು ಬ್ಯಾಡ. ಯಾಕ ಅಳತೈತಿ ಅಂತ ತಿಳಕೊಳ್ಳೂಣು.” ಮಂದಿಯ ಮೋರೆಗೆ ಅಂಜಿ ಕೂಸಿನ ಉಸಿರನ್ನು ಪಣಕ್ಕೊಡ್ಡುವುದು ತರವಲ್ಲ. ಇದರಲ್ಲಿ ಉಳಿದ ಪ್ರಯಾಣಿಕರ ಪಾಲೂ ಇದೆ. ಒಂಟಿಯಾಗಿ ಕೂಸನ್ನು ಹೊತ್ತು ಬಂದ ತಾಯಿಯ ಚೀಲವನ್ನು ಮೇಲಿರಿಸಿಕೊಡುವುದು, ಆಕೆ ಕೈತೊಳೆದು ಬರುವವರೆಗೆ ಕೂಸಿನ ಮೇಲೆ ಕಣ್ಣಿಡುವುದು, ಕೊನೆಯಪಕ್ಷ ಮುಖ ಸಿಂಡರಿಸದೆ ಇರುವುದು. ಶರಣಪರಂಪರೆ ನಮಗೆ ಕಲಿಸಿದ ದಯೆ ಇಷ್ಟರಲ್ಲಿಯೂ ಇದೆ.

ಪಯಣ ಮುಗಿದ ನಾಲ್ಕನೆಯ ದಿನ ಆ ತಾಯಿ ದೂರವಾಣಿಯಲ್ಲಿ ಮಾತನಾಡಿದರು. ಕೂಸು ನಾಲ್ಕು ತಾಸು ಮಲಗಿತ್ತಂತೆ. ನಡುವೆ ಎರಡು ಬಾರಿ ಜೋರಾಗಿ ಅತ್ತಿತ್ತಂತೆ. ಇಳಿಯುವಾಗ ಎಬ್ಬಿಸಿ ಲೋಟ ಕೊಟ್ಟರೆ ಮೊದಲು ತಳ್ಳಿ, ಆಮೇಲೆ ಕುಡಿದು ಸುಮ್ಮನಾಯಿತಂತೆ. “ಹಿಂದಿನ ಸಾಲಿನ ಹಿರಿಯರೊಬ್ಬರು ತಾಸುಗಟ್ಟಲೆ ಎತ್ತಿಕೊಂಡು ಅಡ್ಡಾಡಿದ್ರ್ರೀ, ಯಾರೂ ಏನೂ ಅನಲಿಲ್ಲ” ಎಂದರು. ಅಜ್ಜಿಗೆ ಈ ಸುದ್ದಿ ಮುಟ್ಟಿಸಿದಿರಾ ಎಂದು ಕೇಳಿದೆವು. ಮೊದಲು ಮುಟ್ಟಿಸಿದ್ದೇ ಅವರಿಗೆ ಎಂದು ನಕ್ಕರು.

ಈ ಸಲ ಯಾರ ಮನೆಯಿಂದ ಕೂಸು ದೂರದ ಊರಿಗೆ ಹೊರಟಿದೆಯೋ ಅವರು ಇಂದೇ ಒಂದು ನಳಿಕೆಯ ಲೋಟವನ್ನು ಕೊಂಡು, ಲಸಿಕೆಯ ಕಾರ್ಡನ್ನು ತೆಗೆದು ನೋಡಲಿ. ಉಳಿದುದನ್ನು ವಿಚಾರಿಸಲು ಶ್ರೀಮಠದ ತಪಾಸಣೆಗೆ ಬರಬಹುದು. ಎಲ್ಲ ಕೂಸುಗಳ ಪಯಣವೂ ಸುಖಕರವಾಗಲಿ.