ಕುಪ್ಪಿ ಸರ್ಕಾರದ್ದು, ಮೀನು ನಮ್ಮದು

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಎಲ್ಲಾದರೂ ಹೊಸ ಬಾರ್ ತೆರೆದರೆ ಜನ ಮೊದಲು ಕೇಳುವುದು ‘ಅಲ್ಲಿ ಮೀನು ಹೇಗುಂಟು?’ ಎಂದು. ಯಾವ ಬ್ರ್ಯಾಂಡ್ ಸಿಗುತ್ತದೆ, ರೇಟು ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಜೀವಮಾನದಲ್ಲಿ ಹನಿ ಬಾಯಿಗೆ ತಾಗಿಸದವರೂ ಇದನ್ನು ಕೇಳುತ್ತಾರೆ. ಆದಿತ್ಯವಾರ ಮಧ್ಯಾಹ್ನ ಬಾರಿನ ಹಿಂಬಾಗಿಲಲ್ಲಿ ಸ್ಟೀಲ್ ಡಬ್ಬ ಹಿಡಿದು ಪಾರ್ಸೆಲಿಗೆ ನಿಂತವರಲ್ಲಿ ಅರ್ಧಕ್ಕರ್ಧ ಇಂಥವರೇ. ಮನೆಯಲ್ಲಿ ಕುಚ್ಚಲಕ್ಕಿ ಅನ್ನ ಆಗಿದೆ, ಸಾರು ಮಾತ್ರ ಬಾರಿನದು.

ಹಳ್ಳಿಯ ಬಾರೊಂದು ಅಡುಗೆಯಿಂದ ಹೆಸರು ಮಾಡುವುದು, ಅಡುಗೆಯಿಂದಲೇ ಹೆಸರು ಕೆಡಿಸಿಕೊಳ್ಳುವುದು ಹೇಗೆ ಬಂತು? ಇದರ ಬೇರು ಹುಡುಕಿ ಹೋದರೆ ಅಡುಗೆಮನೆಗಿಂತ ಮೊದಲು ಸಿಗುವುದು ಅಬಕಾರಿ ಕಾನೂನು.

ಮೂಲದಲ್ಲಿ ಇದ್ದದ್ದು ಗಡಂಗು. ಮುಳಿಹುಲ್ಲಿನ ಮಾಡು, ಮಡಲಿನ ತಟ್ಟಿ, ಒಂದೆರಡು ಬೆಂಚು. ತೆಂಗು, ತಾಳೆ, ಘಟ್ಟದ ಬುಡಕ್ಕೆ ಹೋದಂತೆ ಬೈನೆ: ಹೀಗೆ ಮರದಿಂದ ಇಳಿದ ಕಳ್ಳು ಅಲ್ಲಿಗೆ ಬರುತ್ತಿತ್ತು. ಮೂರ್ತೆದಾರ ಬೆಳಿಗ್ಗೆ, ಸಂಜೆ ಮರ ಹತ್ತಿ ಹೂಗೊನೆಯ ತುದಿ ತೆಳ್ಳಗೆ ಕೆತ್ತಿ, ಹಿಂದಿನ ಹೊತ್ತಿನದನ್ನು ಸೋರೆ ಬುರುಡೆಗೆ ಬಗ್ಗಿಸಿಕೊಂಡು ಇಳಿಯುತ್ತಿದ್ದ. ಕಳ್ಳು ಕಾಯುವ ಸರಕಲ್ಲ. ಇಳಿಸಿದಾಗ ಸಿಹಿ, ಕೆಲವೇ ತಾಸಿನಲ್ಲಿ ನೊರೆಯೆದ್ದು ಖಡಕ್, ಮರುದಿನಕ್ಕೆ ಹುಳಿ. ಮಡಕೆಯ ಒಳಮೈಗೆ ಸುಣ್ಣ ಸವರಿದರೆ ಹುಳಿಯೇಳದೆ ಬೆಲ್ಲಕ್ಕಾಗುತ್ತದೆ, ಸವರದಿದ್ದರೆ ಗಡಂಗಿಗೆ. ಕುಡಿಯುವವನಿಗೆ ಯಾವ ಮರದ್ದು, ಯಾವ ಹೊತ್ತಿನದು, ಯಾರು ಇಳಿಸಿದ್ದು ಎಲ್ಲವೂ ಗೊತ್ತು. ದೂರು ಇದ್ದರೆ ಒಂದೇ: ನೀರು ಬೆರೆಸಿದ್ದಾರೆ. ಗಡಂಗಿನ ಮಾನ ಹೋಗುತ್ತಿದ್ದುದೂ ಉಳಿಯುತ್ತಿದ್ದುದೂ ಆ ಬಿಳಿ ದ್ರವದಲ್ಲೇ. ಸುಟ್ಟ ಒಣಮೀನು, ಬೇಯಿಸಿದ ಕಡಲೆ, ಉಪ್ಪು ಹಾಕಿ ಬೇಯಿಸಿದ ಮರಗೆಣಸು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಈ ಮಣ್ಣಿನಲ್ಲಿ ಕಳ್ಳಿನ ಕಸುಬಿಗೆ ಇರುವ ಗೌರವ ಸಣ್ಣದಲ್ಲ. ಮೂರ್ತೆಯ ಕುಲದ ವೀರರಾದ ಕೋಟಿ-ಚೆನ್ನಯರು ಹುಟ್ಟಿ ಬೆಳೆದ ಪಡುಮಲೆ ಪುತ್ತೂರಿನ ಕಡೆಯದು, ಅಕ್ಕ ಕಿನ್ನಿದಾರುವಿನ ಮನೆ ಪಂಜದಲ್ಲಿ, ಕಥೆ ಮುಗಿಯುವುದು ಎಣ್ಮೂರಿನಲ್ಲಿ. ಪಾಡ್ದನದ ಆ ದಾರಿಯುದ್ದಕ್ಕೂ ಇರುವುದು ಇದೇ ಮೂರು ತಾಲೂಕುಗಳ ಊರುಗಳು. ಘಟ್ಟದ ಮೇಲಿನ ಹೆಂಡಕ್ಕೆ ಕವಿ ರಾಜರತ್ನಂ ಇದ್ದರು, ನಮ್ಮ ಕಳ್ಳಿಗೆ ಕಾರಂತರ ಚೋಮ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಪ್ರಕಟಿಸಿದಾಗ ಅದರಲ್ಲಿ ಕಂಡ ಕಳ್ಳು ದಣಿದ ಮೈಯ ಕಳ್ಳು. ಗಡಂಗನ್ನು ನೆನೆದು ಹಲುಬುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಎಲ್ಲರಿಗೂ ಒಂದೇ ಬೆಂಚು, ಒಂದೇ ಲೋಟ ಇರಲಿಲ್ಲ. ಅಂಗಳದಾಚೆ ಕುಕ್ಕರುಗಾಲಲ್ಲಿ ಕೂತವನಿಗೆ ಗೆರಟೆಯಲ್ಲಿ ಹೊಯ್ಯುತ್ತಿದ್ದರು. ಗಿರಾಕಿ ಸೇವೆ ಎಂಬುದಕ್ಕೆ ಆಗ ಜಾತಿಯ ಅಳತೆ ಇತ್ತು.

ಕಳ್ಳು ಮರದವನ ಕೈಯಿಂದ ಜಾರತೊಡಗಿದ್ದು ಬ್ರಿಟಿಷರ ಕಾಲದಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆಯ ಕಾಲಕ್ಕೆ ಮರಕ್ಕೆ ತೆರಿಗೆ, ಗಡಂಗಿಗೆ ಏಲಂ ಎಂಬ ವ್ಯವಸ್ಥೆ ಗಟ್ಟಿಯಾಯಿತು. ಏಲಂನಲ್ಲಿ ಹೆಚ್ಚು ಕೂಗಿದವನಿಗೆ ಗಡಂಗು. ಕೂಗಿದ ದುಡ್ಡು ವರ್ಷದೊಳಗೆ ಹುಟ್ಟಬೇಕು. ನೀರು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಹೊಡೆತಗಳು ಒಂದರ ಹಿಂದೊಂದು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಮದ್ಯ ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಎಂದವರು. ಅವರನ್ನು ಗುರುವೆಂದು ಒಪ್ಪಿದ ಬಿಲ್ಲವರ ಕುಲಕಸುಬೇ ಮೂರ್ತೆ. ಮದ್ಯಕ್ಕೆ ವಿರುದ್ಧವೇ ಇದ್ದ ಗಾಂಧೀಜಿ 1934ರಲ್ಲಿ ಪುತ್ತೂರಿಗೆ ಬಂದುಹೋದರು. 1948ರ ಅಕ್ಟೋಬರ್ 2ರಂದು ಮದ್ರಾಸ್ ಪ್ರಾಂತ ಪೂರ್ತಿ ಪಾನನಿಷೇಧಕ್ಕೆ ಒಳಪಟ್ಟಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ನಿಷೇಧ ಸಡಿಲವಾಗಲು 1967 ಬರಬೇಕಾಯಿತು. ಇಡೀ ಒಂದು ತಲೆಮಾರು ಗಡಂಗು ಕಾಣದೆ ಬೆಳೆಯಿತು, ಕಳ್ಳಭಟ್ಟಿಯನ್ನು ಕಂಡು ಬೆಳೆಯಿತು. ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡೆಯಲ್ಲಿ ಬಿದ್ದು ಕೊಳೆಯುವ ಗೇರುಹಣ್ಣಿಗೆ ಉಪಯೋಗ ಹೇಳಿಕೊಡಲು ಯಾರೂ ಬೇಕಾಗಿರಲಿಲ್ಲ. (ಗೇರು ಸಂಶೋಧನಾ ನಿರ್ದೇಶನಾಲಯ ಇರುವ ಊರು ಪುತ್ತೂರು. ಅದೇ ಹಣ್ಣಿನ ಫೆನಿಗೆ ಗೋವಾ 2009ರಲ್ಲಿ ಭೌಗೋಳಿಕ ಸೂಚಕ ಪಡೆಯಿತು. ನಮ್ಮಲ್ಲಿ ಹಣ್ಣು ಈಗಲೂ ಮರದ ಬುಡದಲ್ಲೇ.)

ನಿಷೇಧ ಹೋದಮೇಲೆ ಗಡಂಗು ಮರಳಿತು, ಆದರೆ ಮರ ಹತ್ತುವವರು ಮರಳಲಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿಯ ಜಾಗ ಸ್ವಂತದ್ದಾದ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋದರು, ಮುಂಬಯಿಗೆ ಹೋದರು, ಅಡಿಕೆ ತೋಟ ಎಬ್ಬಿಸಿದರು. ಬೆನ್ನು ಮುರಿಯುವ ಕಸುಬಿಗೆ ಮಗನನ್ನು ಕಳಿಸಲು ಯಾವ ಅಪ್ಪನಿಗೆ ಮನಸ್ಸಾದೀತು? ಸರಿಯಾಗಿಯೇ ಮಾಡಿದರು. ಕಳ್ಳಿನ ಜಾಗಕ್ಕೆ ಸಾರಾಯಿ ಬಂತು, ಅದೂ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ಮೂಲೆ ಹರಿದು ಬಾಯಿಗೆ ಹಿಂಡಿಕೊಳ್ಳುವ ಈ ಸರಕಿಗೆ ಬೆಂಚೂ ಬೇಡ, ಲೋಟವೂ ಬೇಡ, ಮಾತೂ ಬೇಡ. ಉಪ್ಪಿನಕಾಯಿಯ ಒಂದು ಸಣ್ಣ ಪ್ಯಾಕೆಟ್ ಇದ್ದರೆ ಆಯಿತು. ನನ್ನ ಪ್ರಕಾರ ಈ ಪರಂಪರೆಯ ಅತ್ಯಂತ ಕೆಟ್ಟ ಕಾಲ ಇದೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಘಟ್ಟದ ಮೇಲೆ ಅದಕ್ಕೂ ಮೊದಲೇ ಕಲಬೆರಕೆಯ ಕಾರಣಕ್ಕೆ ಸೇಂದಿ ನಿಂತಿತ್ತು. ಕರಾವಳಿಯಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳ ಮೂಲಕ ಕಳ್ಳು ಅಷ್ಟಿಷ್ಟು ಉಳಿಯಿತು.

ಉಳಿದದ್ದು ಬಾಟಲಿ. 2003ರಲ್ಲಿ ರಾಜ್ಯ ಪಾನೀಯ ನಿಗಮ ಹುಟ್ಟಿದಮೇಲೆ ಕರ್ನಾಟಕದ ಯಾವ ಬಾರಿಗೂ ಬಾಟಲಿ ಬರುವುದು ನಿಗಮದ ಡಿಪೋದಿಂದಲೇ. ಸೀಲು ಅದೇ, ರುಚಿ ಅದೇ. ಸುಳ್ಯದ ಕ್ವಾರ್ಟರಿಗೂ ಬೆಂಗಳೂರಿನ ಕ್ವಾರ್ಟರಿಗೂ ವ್ಯತ್ಯಾಸವಿಲ್ಲ. ಬಾರಿನ ಧಣಿ ತನ್ನ ಕೈಯಾರೆ ಮಾಡಿ ಕೊಡಬಹುದಾದದ್ದು ತಟ್ಟೆಯಲ್ಲಿರುವುದು ಮಾತ್ರ. ಹಿಂದೆ ಕಳ್ಳಿನಲ್ಲಿದ್ದ ಮಾನ ಮೀನಿಗೆ ದಾಟಿದ್ದು ಹೀಗೆ.

ಕಾನೂನೂ ಅದೇ ದಿಕ್ಕಿಗೆ ತಳ್ಳಿತು. ಸಿಎಲ್-2 ಎಂದರೆ ವೈನ್ ಶಾಪು, ಅಲ್ಲಿ ಎಮ್ಮಾರ್ಪಿಗೆ ಕೊಳ್ಳಬಹುದು, ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರು, ಕಾಗದದಲ್ಲಿ ಅದು ಉಪಾಹಾರದ ಕೋಣೆ, ತಿನ್ನಲು ಕೊಡುವ ಜಾಗ. ಇವೆರಡರ ಹೊಸ ಲೈಸೆನ್ಸ್ ಬಹುಕಾಲ ಸಿಗದೇ ಹೋದ್ದರಿಂದ ಹೊಸಬರು ಹಿಡಿದದ್ದು ಸಿಎಲ್-7, ಅಂದರೆ ಲಾಡ್ಜಿಂಗ್ ಜತೆಗಿನದು. ಯಾವ ಪ್ರವಾಸಿಯೂ ಇಳಿಯದ ಹಳ್ಳಿಯಲ್ಲಿ ಹತ್ತಾರು ಕೋಣೆಗಳ ಕಟ್ಟಡ ಯಾಕೆ ಎದ್ದಿದೆ ಎಂದು ಅಚ್ಚರಿಪಟ್ಟವರಿಗೆ ಇದು ಉತ್ತರ. ಕೋಣೆ ಖಾಲಿ ಇದ್ದರೂ ಅಡುಗೆಮನೆ ಖಾಲಿ ಇರುವಂತಿಲ್ಲ. ಕಟ್ಟಡದ ಸಾಲ ತೀರಬೇಕಲ್ಲ.

ಇನ್ನು ಮೀನಿನ ಮಾತು. ಮಂಗಳೂರಿನ ದಕ್ಕೆಯಿಂದ ಪುತ್ತೂರಿಗೆ ಐವತ್ತು ಕಿಲೋಮೀಟರು ಆಸುಪಾಸು, ಸುಳ್ಯಕ್ಕೆ ಎಂಬತ್ತು ದಾಟುತ್ತದೆ. ನಸುಕಿಗೆ ಏಲಂ ಆದ ಬಂಗುಡೆ ಘಟ್ಟದ ಬುಡ ತಲುಪುವಾಗ ಹೊತ್ತು ಏರಿರುತ್ತದೆ. ಒಳನಾಡಿನ ಬಾರುಗಳು ಪುಳಿಮುಂಚಿಯನ್ನು ನೆಚ್ಚಿಕೊಂಡದ್ದು ಇದಕ್ಕೇ ಇರಬೇಕು. ಹುಣಸೆಹುಳಿ, ಉಪ್ಪು, ಒಣಮೆಣಸು ಗಟ್ಟಿಯಾಗಿ ಬಿದ್ದ ಸಾರು ಮಣ್ಣಿನ ಪಾತ್ರೆಯಲ್ಲಿ ಮರುದಿನಕ್ಕೂ ನಿಲ್ಲುತ್ತದೆ, ನಿಂತಷ್ಟೂ ರುಚಿ ಹಿಡಿಯುತ್ತದೆ. ಫ್ರಿಡ್ಜ್ ಬರುವ ಮೊದಲಿನ ಬುದ್ಧಿ ಅದು. ತವಾ ಫ್ರೈ ಹಾಗಲ್ಲ, ಅದರಲ್ಲಿ ಹಳತು ಮುಚ್ಚಿಡಲಾಗುವುದಿಲ್ಲ. ಮಸಾಲೆ ಎಷ್ಟೇ ದಪ್ಪಗಿರಲಿ, ಕಿವಿರಿನ ಹತ್ತಿರ ಬೆರಳು ಒತ್ತಿದಾಗ ಮಾಂಸ ಮುಳ್ಳಿನಿಂದ ಪದರುಪದರಾಗಿ ಬಿಟ್ಟರೆ ತಾಜಾ, ಹಿಟ್ಟಿನಂತೆ ಕಲಸಿಹೋದರೆ ಮಂಜುಗಡ್ಡೆಯಲ್ಲಿ ದಿನ ಕಳೆದದ್ದು. ಊರಿನ ಗಿರಾಕಿ ಮೊದಲ ತುತ್ತಿಗೆ ಹೇಳಿಬಿಡುತ್ತಾನೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೆನುವಿನಲ್ಲಿ ಮೀನಿನ ಹೆಸರು ಉದ್ದಕ್ಕಿದ್ದರೆ ಅನುಮಾನಿಸುವುದು ಒಳ್ಳೆಯದು. ಒಣಮೀನಿನ ಚಟ್ನಿ ಕೇಳುವುದು ಇನ್ನೂ ಒಳ್ಳೆಯದು.

ಮೂರೂ ತಾಲೂಕಿನ ತಟ್ಟೆ ಒಂದೇ ಅಲ್ಲ. ಪುತ್ತೂರಿನದು ಮಂಗಳೂರಿಗೆ ಮುಖ ಮಾಡಿದ ತಟ್ಟೆ: ಅಂಜಲ್, ಕಾಣೆ, ಕೋರಿ ಸುಕ್ಕ, ಮರುವಾಯಿ. ಸುಳ್ಯಕ್ಕೆ ಬಂದರೆ ಸಂಪಾಜೆಯಾಚೆ ಕೊಡಗು, ಮನೆಮನೆಯಲ್ಲಿ ಅರೆಭಾಷೆ. ಹಂದಿ ಮಾಂಸ ಇಲ್ಲಿ ಗೌಡರ ಮದುವೆಯ ಊಟದ್ದು, ಬಾರಿನಲ್ಲೂ ಅದೇ ಕಪ್ಪು ಮಸಾಲೆಯಲ್ಲಿ ಬರುತ್ತದೆ. ಕಡಬ, ನೆಲ್ಯಾಡಿ, ಶಿರಾಡಿ ಕಡೆಗೆ ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದ ಕ್ರೈಸ್ತ ಕುಟುಂಬಗಳು ಮರಗೆಣಸು-ಮೀನು ಸಾರಿನ ಜೋಡಿಯನ್ನು ಊರಿಗೇ ಕಲಿಸಿದವು. ಗಡಂಗಿನ ಕಾಲದಲ್ಲಿ ಬಡವನ ಹೊಟ್ಟೆ ತುಂಬಿಸಿದ ಅದೇ ಗೆಣಸು ಈಗ ಸಾಸಿವೆ ಒಗ್ಗರಣೆ ಹಾಕಿಸಿಕೊಂಡು ಪ್ಲೇಟಿಗೆ ಇಷ್ಟು ಎಂದು ಬೆಲೆ ಕಟ್ಟಿಸಿಕೊಂಡಿದೆ. ಗೋಬಿ ಮಂಚೂರಿ ಎಲ್ಲ ಕಡೆ ಇದೆ. ಅದರ ಬಗ್ಗೆ ಬರೆಯುವ ಉಮೇದು ನನಗಿಲ್ಲ.

ಅಡುಗೆ ಇಷ್ಟು ಮುಂದೆ ಬಂದ ವೇಗಕ್ಕೆ ಸೇವೆ ಬಂದಿಲ್ಲ. ಬೂತಾಯಿ ತಿನ್ನುವವನಿಗೆ ಬೆಳಕು ಬೇಕು, ಆದರೆ ಮುಳ್ಳು ಕಾಣದಷ್ಟು ಮಬ್ಬು ಮಾಡಿದರೇ ಬಾರು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಕೈ ತೊಳೆಯುವ ಜಾಗ, ಅದರ ಪಕ್ಕದ ಬಾಗಿಲು, ಇವುಗಳ ಬಗ್ಗೆ ಊಟದ ಲೇಖನದಲ್ಲಿ ಹೇಳದಿರುವುದೇ ಲೇಸು. ಹೆಂಗಸರು ಬಂದರೆ ‘ಫ್ಯಾಮಿಲಿ ರೂಮು’ ಎಂಬ ಪರದೆ ಎಳೆದ ಡಬ್ಬಿಗೆ ಕಳಿಸುತ್ತಾರೆ. ಅಲ್ಲಿ ಫ್ಯಾನು ಇದ್ದರೆ ಪುಣ್ಯ.

ಇಷ್ಟಾದರೂ ಹಳೆ ಸಪ್ಲಾಯರುಗಳಲ್ಲಿ ಒಂದು ವಿದ್ಯೆ ಇದೆ, ಅದನ್ನು ಯಾವ ಹೋಟೆಲ್ ಕಾಲೇಜೂ ಕಲಿಸಲಾರದು. ನೀವು ಬಂಗುಡೆ ಹೇಳಿದರೆ ಆತ ಬರೆದುಕೊಳ್ಳುವುದಿಲ್ಲ, ಬಗ್ಗಿ ಸಣ್ಣ ಸ್ವರದಲ್ಲಿ, ‘ಇವತ್ತು ಬಂಗುಡೆ ಬೇಡ ಮಾರಾಯ್ರೇ, ನಂಗ್ ತಗೊಳ್ಳಿ, ಈಗಷ್ಟೇ ಬಂದದ್ದು’ ಎನ್ನುತ್ತಾನೆ. ಧಣಿಗೆ ನಷ್ಟ, ಆದರೆ ಆ ಗಿರಾಕಿ ಮತ್ತೆ ಬೇರೆ ಕಡೆ ಹೋಗುವುದಿಲ್ಲ. ಯಾರಿಗೆ ಎರಡು ಪೆಗ್ಗಿಗೆ ನಿಲ್ಲಿಸಬೇಕು, ಯಾರ ಬೈಕಿನ ಕೀಯನ್ನು ಕ್ಯಾಶ್ ಕೌಂಟರಿನಲ್ಲಿಟ್ಟು ರಿಕ್ಷಾದವನನ್ನು ಕರೆಯಬೇಕು, ಯಾರ ಲೆಕ್ಕ ಅಡಿಕೆ ಮಾರಿದ ಮೇಲೆ ತೀರುತ್ತದೆ, ಎಲ್ಲವೂ ಆತನ ತಲೆಯಲ್ಲಿ. ಈಗ ಹೊರರಾಜ್ಯದ ಹುಡುಗರು ಬಂದಿದ್ದಾರೆ. ಚುರುಕು, ಸ್ವಚ್ಛ, ನಗುಮುಖ. ಆದರೆ ಮೀನಿನ ಹೆಸರು ಕೇಳಿದರೆ ಮೆನು ಕಾರ್ಡಿನ ಮೇಲೆ ಬೆರಳಿಡುತ್ತಾರೆ. ಆ ಬೆರಳಿಗೆ ಹಳಬನ ನಾಲಗೆಯನ್ನು ಜೋಡಿಸಿದ ಬಾರು ಗೆದ್ದಂತೆ.

ಅಡುಗೆಯ ಪಂದ್ಯ ನಿಜವಾಗಿ ಬಿಸಿಯಾದದ್ದು 2017ರಲ್ಲಿ. ಹಿಂದಿನ ವರ್ಷದ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದಿತ್ತು. ಸಣ್ಣ ಊರುಗಳಿಗೆ ಆಮೇಲೆ ಅದು 220 ಮೀಟರಿಗೆ ಇಳಿಯಿತು, ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಹಳ್ಳಿಯ ಬಾರಿಗೆ ಮಾತ್ರ ಮಾಣಿ-ಮೈಸೂರು ರಸ್ತೆಯ ಬದಿ ಬಿಟ್ಟು ಒಳಗೆ ಹೋಗುವುದೇ ದಾರಿಯಾಯಿತು. ಬಸ್ಸಿಳಿದು ನುಗ್ಗುವ ಗಿರಾಕಿ ಇಲ್ಲ. ಹುಡುಕಿಕೊಂಡು ಬರುವಂತೆ ಮಾಡಲು ಇದ್ದ ದಾರಿ ಅಡುಗೆಯೊಂದೇ. ಒಳಗೆ ಹೋದದ್ದರಿಂದ ಅಂಗಳ ಸಿಕ್ಕಿತು, ಅಡಿಕೆ ತೋಟದ ನೆರಳು ಸಿಕ್ಕಿತು, ಕಾರು ನಿಲ್ಲಿಸಲು ಜಾಗ ಸಿಕ್ಕಿತು. ಮಡಲಿನ ಮಾಡು ಹಾಕಿ ‘ಗಾರ್ಡನ್ ರೆಸ್ಟೋರೆಂಟ್’ ಎಂದು ಬೋರ್ಡು ಬರೆಸಿದವರೂ ಇದ್ದಾರೆ. ಮಕ್ಕಳನ್ನು ಕಟ್ಟಿಕೊಂಡು ಗಂಡಹೆಂಡತಿ ಬಂದು ಹಗಲಲ್ಲೇ ಊಟ ಮಾಡಿ ಹೋಗುವ ಬಾರು ಇವತ್ತು ಈ ಸೀಮೆಯಲ್ಲಿ ಅಪರೂಪವಲ್ಲ.

ಕೊನೆಯದಾಗಿ ಅಡುಗೆಮನೆಗೇ ಕೈ ಹಾಕಿದ್ದು ಆಹಾರ ಸುರಕ್ಷತಾ ಇಲಾಖೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕೋಳಿ-ಮೀನಿನ ಕಬಾಬಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ರಾಜ್ಯ ಸರ್ಕಾರ ಆದೇಶ ಮಾಡಿತು. ಕೆಂಪು ಕಬಾಬಿಗೆ ಒಗ್ಗಿದ ಕಣ್ಣುಗಳಿಗೆ ಕಂದು ಕಬಾಬ್ ಹಳಸಿದ್ದರಂತೆ ಕಂಡಿತು. ತಟ್ಟೆ ಹಿಂದೆ ಕಳಿಸಿದವರೂ ಇದ್ದಾರೆ. ಬ್ಯಾಡಗಿ ಮೆಣಸು ಹೆಚ್ಚು ಅರೆಸಿ ಬಣ್ಣ ತರಲು ಹೊರಟ ಭಟ್ಟರಿಗೆ ಖರ್ಚಿನ ಲೆಕ್ಕ ಕೂಡಲಿಲ್ಲ, ರುಚಿ ಮಾತ್ರ ಕೂಡಿತು.