ಕಡಲಿಲ್ಲದ ಊರಿನಿಂದ ಕಡಲ ಯಾನ

ಪರೀಕ್ಷೆ ಮುಗಿದೊಡನೆ ಮಕ್ಕಳ ಪ್ರಶ್ನೆ ಒಂದೇ: 'ರಜೆಗೆ ಎಲ್ಲಿಗೆ?' ಹಡಗಿನಲ್ಲಿ ಎಂದರಂತೂ ಹಲಸೂರಿನಲ್ಲೂ ಇಂದಿರಾನಗರದಲ್ಲೂ ಅದೇ ಸಂಭ್ರಮ. ಆದರೆ ಬೆಂಗಳೂರಿಗೆ ಕಡಲಿಲ್ಲ. ಹೀಗಾಗಿ ಪಾಲಕರು ಮೊದಲು ಬಂದರು ಆರಿಸಬೇಕು.

ನಗರದ ಪೂರ್ವ ಭಾಗದವರಿಗೆ ಹತ್ತಿರದ್ದು ಚೆನ್ನೈ. ದಂಡು ನಿಲ್ದಾಣದಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಓಡಿತು. ಚೆನ್ನೈ ರೈಲುಗಳದು ಇಂದಿಗೂ ಅದೇ ದಾರಿ. ಕೆ.ಆರ್. ಪುರದಲ್ಲಿ ಹತ್ತಿದರೆ ಐದಾರು ಗಂಟೆ. ಆದರೆ ಹತ್ತಿರದ ಬಂದರೆಲ್ಲ ಸುಲಭದ ಬಂದರಲ್ಲ. ಅಲ್ಲಿಂದ ಅಂಡಮಾನ್‌ಗೆ ಹಡಗಿನಲ್ಲಿ ಸುಮಾರು ಮೂರು ದಿನ. ಹೋಗಿಬರುವುದರಲ್ಲೇ ವಾರ ಕಳೆಯುತ್ತದೆ.

ಕೊಚ್ಚಿಗೆ ರೈಲಿನಲ್ಲಿ ಒಂದು ರಾತ್ರಿ ಬೇಕು. ಅಲ್ಲಿಂದ ಲಕ್ಷದ್ವೀಪಕ್ಕೆ ಸಾಮಾನ್ಯವಾಗಿ 14ರಿಂದ 18 ಗಂಟೆ. ಮೊದಲ ಬಾರಿ ಹಡಗೇರುವ ಮಕ್ಕಳಿಗೆ ಇದೇ ಮೇಲು. ದ್ವೀಪಕ್ಕೆ ಪ್ರವೇಶ ಪರವಾನಗಿಯನ್ನು ಮಾತ್ರ ಮುಂಚೆಯೇ ಪಡೆಯಬೇಕು.

ಕಾಲವನ್ನೂ ನೋಡಬೇಕು. ಜೂನ್ ಆರಂಭದ ಹೊತ್ತಿಗೆ ಮುಂಗಾರು ಕೇರಳ ಮುಟ್ಟುತ್ತದೆ. ಮೇ ಕೊನೆಗೇ ಕಡಲು ಕೆರಳಬಹುದು. ಹೊಟ್ಟೆ ತೊಳಸಿ ಮಲಗಿದ ಮಗುವಿಗೆ ರಜೆ ರಜೆಯಲ್ಲ. ಏಪ್ರಿಲ್ ಪ್ರಶಸ್ತ. ವಾಂತಿಯ ಮಾತ್ರೆಗೆ ವೈದ್ಯರನ್ನು ಕೇಳಿ, ಮಕ್ಕಳ ಗುರುತಿನ ಚೀಟಿ ಇಟ್ಟುಕೊಳ್ಳಿ. ಹಿಂದಿನ ದಿನವೇ ಬಂದರಿನ ಊರು ಸೇರಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ.